ಬೋನಸ್‌ಗೆ ತೆರಿಗೆ ವಿನಾಯಿತಿ ಯಾರಿಗೆ ಬೇಕು?

ಹಬ್ಬದ ಬೋನಸ್‌ಗೆ ತೆರಿಗೆ ಹಾಕಬಾರದು ಎಂಬ ಮಾತು ಪ್ರತಿ ವರ್ಷ ಆಯುಧಪೂಜೆಯಿಂದ ದೀಪಾವಳಿಯವರೆಗೆ ಕೇಳಿಬರುತ್ತಲೇ ಇರುತ್ತದೆ. ವರ್ಷವಿಡೀ ದುಡಿದವರ ಕೈಗೆ ಹಬ್ಬಕ್ಕೆಂದು ಬಂದ ನಾಲ್ಕು ಕಾಸಿನಲ್ಲೂ ಸರ್ಕಾರ ಪಾಲು ಕೇಳುವುದೇ ಎಂಬ ಸಿಟ್ಟು ಅದರ ಹಿಂದಿದೆ. ಆ ಸಿಟ್ಟನ್ನು ನಾನು ಅಲ್ಲಗಳೆಯುವುದಿಲ್ಲ. ಬೇಡಿಕೆ ಮಾತ್ರ ತಪ್ಪು. ಬೋನಸ್‌ಗೆ ಆದಾಯ ತೆರಿಗೆಯ ವಿನಾಯಿತಿ ಕೊಟ್ಟರೆ ಬೋನಸ್ ನಿಜವಾಗಿ ಯಾರಿಗೆ ಬೇಕೋ ಅವರಿಗೆ ಒಂದು ರೂಪಾಯಿಯೂ ಹೆಚ್ಚಿಗೆ ಸಿಗುವುದಿಲ್ಲ.

ಇದನ್ನು ಮೈಸೂರಿನ ಹಿನಕಲ್‌ನಲ್ಲಿ ನಿಂತು ಯೋಚಿಸುವುದು ಸುಲಭ. ಹುಣಸೂರು ರಸ್ತೆಯೂ ರಿಂಗ್ ರಸ್ತೆಯೂ ಕೂಡುವ ಜಾಗ ಅದು. ಒಂದು ದಿಕ್ಕಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶ, ಇನ್ಫೋಸಿಸ್ ಕ್ಯಾಂಪಸ್. ಇನ್ನೊಂದು ದಿಕ್ಕಿಗೆ ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ, ಬೆಮೆಲ್ ಕಾರ್ಖಾನೆ. ಮೊನ್ನೆ ಮೊನ್ನೆಯವರೆಗೆ ಗ್ರಾಮ ಪಂಚಾಯಿತಿಯಾಗಿದ್ದ ಊರು ಈಗ ಹೂಟಗಳ್ಳಿ ನಗರಸಭೆಗೆ ಸೇರಿದೆ. ಹೊಲಗಳಿದ್ದಲ್ಲಿ ಬಡಾವಣೆಗಳು ಎದ್ದಿವೆ, ನನ್ನೇಶ್ವರ ದೇವಸ್ಥಾನದ ಊರು ಬಾಡಿಗೆ ಮನೆಗಳ ಊರಾಗಿದೆ. ಒಂದೇ ಬೀದಿಯಲ್ಲಿ ಕಾರ್ಖಾನೆಯ ಬಿಡಿಭಾಗ ವಿಭಾಗದಲ್ಲಿ ದುಡಿಯುವವರೂ ಸಾಫ್ಟ್‌ವೇರ್ ಎಂಜಿನಿಯರೂ ಗುತ್ತಿಗೆ ಸೆಕ್ಯುರಿಟಿ ಗಾರ್ಡೂ ಇರುತ್ತಾರೆ. ಹಬ್ಬ ಹತ್ತಿರ ಬಂದಾಗ ಮೂವರೂ ಆಡುವ ಮಾತು ಒಂದೇ: “ಬೋನಸ್ ಆಯ್ತಾ ಅಣ್ಣ?” ಮೂವರಿಗೂ ಆ ಮಾತಿನ ಅರ್ಥ ಬೇರೆ ಬೇರೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಬೇಗ ಮುಗಿಸಿಬಿಡೋಣ. ಇಲ್ಲಿನ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು. ಆದಾಯ ತೆರಿಗೆಯ ಕಣ್ಣಿಗೆ ಬೋನಸ್ ಎಂಬ ಬೇರೆ ಜಾತಿಯ ಹಣವೇ ಇಲ್ಲ. ಅದು ಸಂಬಳ, ಅಷ್ಟೆ. ಪೇ ಸ್ಲಿಪ್‌ನಲ್ಲಿ ಬೋನಸ್ ಎಂದಾದರೂ ಬರೆಯಲಿ, ಎಕ್ಸ್‌ಗ್ರೇಷಿಯಾ ಎಂದಾದರೂ ಬರೆಯಲಿ, ಹಬ್ಬದ ಇನಾಮು ಎಂದೇ ಕರೆಯಲಿ, ವರ್ಷದ ಸಂಬಳಕ್ಕೆ ಕೂಡಿಸಿ ಸ್ಲ್ಯಾಬ್ ಪ್ರಕಾರ ತೆರಿಗೆ ಹಾಕುತ್ತಾರೆ. ಬೋನಸ್‌ಗೆಂದೇ ಪ್ರತ್ಯೇಕ ದರವಿಲ್ಲ. “ಐವತ್ತು ಸಾವಿರದವರೆಗೆ ಗಿಫ್ಟ್‌ಗೆ ತೆರಿಗೆ ಇಲ್ಲವಲ್ಲ?” ಎಂದು ಕೇಳುವವರಿದ್ದಾರೆ. ಆ ನಿಯಮ ಸ್ನೇಹಿತರು ಪರಿಚಯಸ್ಥರು ಕೊಟ್ಟದ್ದಕ್ಕೆ. ಕೆಲಸ ಕೊಟ್ಟವರು ಕೊಟ್ಟ ಹಣಕ್ಕೆ ಅದು ಅನ್ವಯಿಸುವುದಿಲ್ಲ. ಸರ್ಕಾರಿ ನೌಕರರು ಪಡೆಯುವ ಹಬ್ಬದ ಮುಂಗಡದ ಕಥೆ ಬೇರೆ. ಕಂತುಗಳಲ್ಲಿ ಮುರಿದುಕೊಳ್ಳುವ ಸಾಲ ಅದು, ಆದಾಯವೇ ಅಲ್ಲ.

ಹಾಗಾದರೆ ಬೋನಸ್ ಬಂದ ತಿಂಗಳು ತೆರಿಗೆ ಅಷ್ಟೊಂದು ಕಡಿತವಾದಂತೆ ಕಾಣುವುದೇಕೆ? ಟಿಡಿಎಸ್ ನಡೆಯುವ ರೀತಿಯಿಂದ. ತಿಂಗಳಿಗೆ ಒಂದೂವರೆ ಲಕ್ಷ ಸಂಬಳದವರೊಬ್ಬರನ್ನು ತೆಗೆದುಕೊಳ್ಳಿ. ವರ್ಷಕ್ಕೆ 18 ಲಕ್ಷ. ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಹೊಸ ತೆರಿಗೆ ಪದ್ಧತಿಯಲ್ಲಿ ಸೆಸ್ ಸೇರಿ ₹1,50,800 ತೆರಿಗೆ. ಕಂಪನಿ ಅದನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೆ ಹನ್ನೆರಡೂವರೆ ಸಾವಿರದಷ್ಟು ಮುರಿಯುತ್ತಿರುತ್ತದೆ. ಅಕ್ಟೋಬರ್‌ನಲ್ಲಿ ಒಂದು ತಿಂಗಳ ಸಂಬಳದಷ್ಟು ಬೋನಸ್ ಬಂತು. ವರ್ಷದ ತೆರಿಗೆ ₹1,82,000 ಆಯಿತು. ಹೆಚ್ಚಿದ ₹31,200 ಅನ್ನು ಆ ತಿಂಗಳೇ ಮುರಿದರೆ ಒಂದೇ ಸಲಕ್ಕೆ ಸುಮಾರು ನಲವತ್ತನಾಲ್ಕು ಸಾವಿರ ಹೋಯಿತು ಅನ್ನಿಸುತ್ತದೆ. ಮಾರ್ಚ್‌ವರೆಗೆ ಹಂಚಿದರೆ ಗೊತ್ತೇ ಆಗುವುದಿಲ್ಲ. ಎರಡರಲ್ಲೂ ವರ್ಷದ ಕೊನೆಗೆ ಲೆಕ್ಕ ಒಂದೇ. ಅಮೆರಿಕದಲ್ಲಿರುವ ನಮ್ಮವರೂ ಡಿಸೆಂಬರ್ ಬೋನಸ್ ಬಂದಾಗ ಇದೇ ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿ ಬೋನಸ್‌ನಿಂದ ಶೇ 22ರಷ್ಟು ಮೊದಲೇ ಹಿಡಿದುಕೊಳ್ಳುವ ಪದ್ಧತಿ ಇದೆ. ಅದು ಮುಂಗಡ ಕಡಿತ ಮಾತ್ರ. ನಿಜವಾದ ತೆರಿಗೆ ಎಷ್ಟೆಂದು ರಿಟರ್ನ್ ಸಲ್ಲಿಸಿದಾಗ ತೀರ್ಮಾನವಾಗುತ್ತದೆ.

ಇಷ್ಟರಲ್ಲಿ ಅನ್ಯಾಯವೇನೂ ಇಲ್ಲ. ಹೆಚ್ಚು ಗಳಿಸಿದ ವರ್ಷ ಹೆಚ್ಚು ಕಟ್ಟುವುದು ಆದಾಯ ತೆರಿಗೆಯ ಮೂಲ ತತ್ವ. ಒಬ್ಬರಿಗೆ ಇಪ್ಪತ್ತು ಲಕ್ಷವೂ ಸಂಬಳವಾಗಿ ಬಂದು, ಇನ್ನೊಬ್ಬರಿಗೆ ಹದಿನೆಂಟು ಸಂಬಳವಾಗಿಯೂ ಎರಡು ಬೋನಸ್ ಆಗಿಯೂ ಬಂದರೆ ಇಬ್ಬರ ತೆರಿಗೆ ಏಕೆ ಬೇರೆಯಾಗಬೇಕು? ಬೋನಸ್‌ಗೆ ಪೂರ್ತಿ ವಿನಾಯಿತಿ ಕೊಟ್ಟ ಮರುದಿನವೇ ಕಂಪನಿಗಳ ಎಚ್‌ಆರ್ ವಿಭಾಗಗಳು ದೊಡ್ಡ ಅಧಿಕಾರಿಗಳ ಸಂಬಳದ ಅರ್ಧವನ್ನು ‘ಹಬ್ಬದ ಬೋನಸ್’ ಎಂದು ಬರೆದುಬಿಡುತ್ತವೆ. ಫಿಲಿಪ್ಪೀನ್ಸ್‌ನಲ್ಲಿ ಹದಿಮೂರನೇ ತಿಂಗಳ ಸಂಬಳ ಕೊಡುವುದು ಕಡ್ಡಾಯ, ಅದಕ್ಕೆ ತೆರಿಗೆ ವಿನಾಯಿತಿಯೂ ಇದೆ. ಅಲ್ಲಿಯೂ 90,000 ಪೆಸೊ ಎಂಬ ಮಿತಿ ಹಾಕಿದ್ದಾರೆ.

ಆದರೆ ಒಂದು ಜಾಗದಲ್ಲಿ ಬೋನಸ್ ಪಡೆಯುವ ಮಧ್ಯಮ ವರ್ಗದ ದೂರಿಗೆ ನಿಜವಾದ ಆಧಾರವಿದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ತೆರಿಗೆಗೊಳಪಡುವ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಸಂಬಳದಾರರಿಗೆ ಇದು 12.75 ಲಕ್ಷ. ಸರಿಯಾಗಿ ಅಷ್ಟೇ ಸಂಬಳವಿರುವ ಹೆಬ್ಬಾಳದ ಕಂಪನಿಯ ಉದ್ಯೋಗಿಯೊಬ್ಬರಿಗೆ ದೀಪಾವಳಿಗೆ ₹50,000 ಬೋನಸ್ ಬಂತೆಂದು ಇಟ್ಟುಕೊಳ್ಳಿ. ತೆರಿಗೆಗೊಳಪಡುವ ಆದಾಯ ಹನ್ನೆರಡೂವರೆ ಲಕ್ಷವಾಯಿತು, ರಿಬೇಟ್ ಹೋಯಿತು. ಸ್ಲ್ಯಾಬ್ ಪ್ರಕಾರ ₹67,500 ತೆರಿಗೆ ಬೀಳಬೇಕು. ಐವತ್ತು ಸಾವಿರ ಬಂದದ್ದಕ್ಕೆ ಅರವತ್ತೇಳೂವರೆ ಸಾವಿರ ಕಟ್ಟುವುದು ಅಸಂಬದ್ಧವಾದ್ದರಿಂದ, 12 ಲಕ್ಷದ ಮೇಲೆ ಎಷ್ಟು ಬಂತೋ ಅಷ್ಟಕ್ಕಿಂತ ತೆರಿಗೆ ಹೆಚ್ಚಾಗಬಾರದು ಎಂಬ ರಿಯಾಯಿತಿ ಇಟ್ಟಿದ್ದಾರೆ. ಹಾಗಾಗಿ ತೆರಿಗೆ ₹50,000. ಅದರ ಮೇಲೆ ಶೇ 4ರ ಸೆಸ್ ₹2,000. ಬಂದದ್ದು ಐವತ್ತು, ಹೋದದ್ದು ಐವತ್ತೆರಡು! ಕಂಪನಿ ಸಿಹಿ ಹಂಚಿ ಬೋನಸ್ ಕೊಟ್ಟಿತು, ಉದ್ಯೋಗಿ ತನ್ನ ಜೇಬಿನಿಂದ ಎರಡು ಸಾವಿರ ಸೇರಿಸಿ ಸರ್ಕಾರಕ್ಕೆ ತಲುಪಿಸಿದರು. ಬೋನಸ್ ಸುಮಾರು ₹70,600 ಆಗುವವರೆಗೂ ಇದೇ ಪಾಡು. ಒಂದು ಲಕ್ಷ ಬಂದರೆ ಕೈಯಲ್ಲಿ ಉಳಿಯುವುದು ₹22,000.

ಇಲ್ಲಿ ತಿಳಿದವರು ತಪ್ಪಿಸಿಕೊಳ್ಳುತ್ತಾರೆ. ಬೋನಸ್‌ನ ಬದಲು ಕಂಪನಿಯ ಕಡೆಯಿಂದ ಎನ್‌ಪಿಎಸ್ ವಂತಿಗೆ ಹಾಕಿಸಿಕೊಂಡರೆ ಮೂಲ ವೇತನದ ಶೇ 14ರವರೆಗೆ ಹೊಸ ಪದ್ಧತಿಯಲ್ಲೂ ಕಳೆಯಬಹುದು. ತಿಳಿಯದವರು ಕಳೆದುಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಬರಬೇಕಾದ್ದನ್ನು ಏಪ್ರಿಲ್‌ನಲ್ಲಿ ತೆಗೆದುಕೊಂಡರೆ ಆಯಿತು ಎಂಬ ಜಾಣತನ ನಡೆಯುವುದಿಲ್ಲ. ಹಣ ಸಲ್ಲಬೇಕಾದ ದಿನವೋ ಸಂದ ದಿನವೋ, ಯಾವುದು ಮೊದಲೋ ಅದನ್ನೇ ತೆರಿಗೆ ಹಿಡಿಯುತ್ತದೆ. ಈ ಅಂಚನ್ನು ಇಳಿಜಾರಾಗಿ ಮಾಡುವುದು ಅಷ್ಟೇನೂ ಕಷ್ಟವಲ್ಲ, ಸರ್ಕಾರ ಮಾಡಬೇಕು. ಆದರೂ ಇದು ವರ್ಷಕ್ಕೆ ಹನ್ನೆರಡು ಹದಿಮೂರು ಲಕ್ಷ ದುಡಿಯುವವರ ತೊಂದರೆ ಎಂಬುದನ್ನು ನೆನಪಿಡೋಣ. ಏಕೆಂದರೆ ಇಂಥದೇ ಇನ್ನೊಂದು ಅಂಚು ಕಾರ್ಖಾನೆಯ ಒಳಗಿದೆ. ಅದರ ಬಗ್ಗೆ ಬಜೆಟ್ ದಿನ ಯಾವ ಟಿವಿಯಲ್ಲೂ ಚರ್ಚೆ ನಡೆಯುವುದಿಲ್ಲ.

ಆ ಅಂಚು 21,000. 1965ರ ಬೋನಸ್ ಕಾಯ್ದೆಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ₹21,000 ಮೀರದವರಿಗೆ ಮಾತ್ರ ಬೋನಸ್ ಕಾನೂನಿನ ಹಕ್ಕಾಗಿತ್ತು. ವರ್ಷದಲ್ಲಿ ಮೂವತ್ತು ದಿನ ದುಡಿದಿದ್ದರೆ ಸಾಕು, ಕನಿಷ್ಠ ಶೇ 8.33, ಗರಿಷ್ಠ ಶೇ 20. ಎಂಟೂ ಮೂವತ್ತಮೂರು ಅಂದರೆ ಹನ್ನೆರಡರಲ್ಲಿ ಒಂದು ಭಾಗ, ಹದಿಮೂರನೇ ತಿಂಗಳ ಸಂಬಳ. ಆದರೆ ಆ ತಿಂಗಳ ಸಂಬಳ ನಿಜವಾದ ಸಂಬಳವಲ್ಲ. ₹7,000 ಅಥವಾ ಆ ಉದ್ಯೋಗದ ಕನಿಷ್ಠ ವೇತನ, ಇವೆರಡರಲ್ಲಿ ಹೆಚ್ಚಿನದಕ್ಕಿಂತ ಮೇಲಿನ ಸಂಬಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕನಿಷ್ಠ ವೇತನ ಹದಿನಾಲ್ಕು ಸಾವಿರ ಎಂದಿಟ್ಟುಕೊಂಡರೆ, ಇಪ್ಪತ್ತು ಸಾವಿರ ಸಂಬಳದವರ ಕನಿಷ್ಠ ಬೋನಸ್ ಹದಿನಾಲ್ಕು ಸಾವಿರ. ಈಗ ಅವರ ಸಂಬಳ ₹20,800ರಿಂದ ₹21,100ಕ್ಕೆ ಏರಲಿ. ವರ್ಷಕ್ಕೆ ₹3,600 ಹೆಚ್ಚಾಯಿತು, ಹದಿನಾಲ್ಕು ಸಾವಿರದ ಹಕ್ಕು ಹೋಯಿತು. ಮುಂದೆ ಕಂಪನಿ ಕೊಟ್ಟರೆ ಎಕ್ಸ್‌ಗ್ರೇಷಿಯಾ, ಕೊಡದಿದ್ದರೆ ಕೇಳುವಂತಿಲ್ಲ. ಹನ್ನೆರಡು ಲಕ್ಷದ ಅಂಚಿನಲ್ಲಿ ಇರುವವರಿಗೆ ಕಾನೂನೇ ರಿಯಾಯಿತಿಯ ಸೂತ್ರ ಬರೆದುಕೊಟ್ಟಿದೆ. ಇಪ್ಪತ್ತೊಂದು ಸಾವಿರದ ಅಂಚಿನವರಿಗೆ ಅಂಥ ಸೂತ್ರವಿಲ್ಲ.

ಈ 21,000 ಮತ್ತು 7,000 ಎಂಬ ಅಂಕಿಗಳು 2015ರ ತಿದ್ದುಪಡಿಯಲ್ಲಿ ಬಂದವು, 2014ರ ಏಪ್ರಿಲ್‌ನಿಂದಲೇ ಅನ್ವಯ ಎಂದು ಬರೆದರು. ಅದಕ್ಕೆ ಮೊದಲು 10,000 ಮತ್ತು 3,500 ಇದ್ದವು. ಗಮನಿಸಬೇಕಾದದ್ದು ಇದು: 2014-15ರಲ್ಲಿ ಆದಾಯ ತೆರಿಗೆಯ ವಿನಾಯಿತಿ ಮಿತಿ ₹2.5 ಲಕ್ಷ. ತಿಂಗಳಿಗೆ 21,000 ಅಂದರೆ ವರ್ಷಕ್ಕೆ ₹2.52 ಲಕ್ಷ. ಎರಡು ಕಾನೂನುಗಳ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದಿದ್ದವು. ಬೋನಸ್ ಹಕ್ಕಿರುವವರು ತೆರಿಗೆ ಕಟ್ಟುವಷ್ಟು ಗಳಿಸುವವರಲ್ಲ, ತೆರಿಗೆ ಕಟ್ಟುವವರಿಗೆ ಕಾನೂನಿನ ಬೋನಸ್ ಬೇಕಿಲ್ಲ ಎಂಬ ಒಂದು ತರ್ಕ ಅಲ್ಲಿ ಕಾಣುತ್ತದೆ. ಆಮೇಲೆ ತೆರಿಗೆಯ ಗೆರೆ ಮೇಲೆ ಮೇಲೆ ಹೋಗಿ ಇಂದು ಸಂಬಳದಾರರಿಗೆ 12.75 ಲಕ್ಷಕ್ಕೆ ಬಂದು ನಿಂತಿದೆ. ಬೋನಸ್‌ನ ಗೆರೆ 1965ರ ಕಾಯ್ದೆ ಇರುವವರೆಗೂ ಇದ್ದಲ್ಲೇ ಇತ್ತು. ವರ್ಷಕ್ಕೆ ಎರಡೂವರೆ ಲಕ್ಷ ಗಳಿಸಿದರೆ ನೀನು ಸ್ಥಿತಿವಂತ, ನಿನಗೆ ಬೋನಸ್ ಹಕ್ಕು ಬೇಡ ಎಂದು ಒಂದು ಕಾನೂನು ಹೇಳಿದರೆ, ಹನ್ನೆರಡು ಲಕ್ಷ ಗಳಿಸಿದರೂ ನೀನು ತೆರಿಗೆ ಕಟ್ಟುವಷ್ಟು ಸ್ಥಿತಿವಂತನಲ್ಲ ಎಂದು ಇನ್ನೊಂದು ಹೇಳುತ್ತಿದೆ. ಎರಡನ್ನೂ ಮಾಡಿದ್ದು ಒಂದೇ ಸಂಸತ್ತು.

ಬೋನಸ್ ಅಂದರೆ ಮಾಲೀಕರ ದೊಡ್ಡ ಮನಸ್ಸು ಎಂಬ ಭಾವನೆ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲವಾದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲ ಮಹಾಯುದ್ಧದ ಲಾಭದ ಕಾಲದಲ್ಲಿ, 1917ರಲ್ಲಿ, ಮುಂಬಯಿಯ ಬಟ್ಟೆ ಗಿರಣಿಗಳು ಯುದ್ಧದ ಬೋನಸ್ ಕೊಟ್ಟವು. ಕೆಲವು ವರ್ಷ ಕೊಟ್ಟು ನಿಲ್ಲಿಸಿದಾಗ 1924ರ ಆರಂಭದಲ್ಲಿ ದೊಡ್ಡ ಮುಷ್ಕರವಾಯಿತು. ಮುಂಬಯಿಯ ಮುಖ್ಯ ನ್ಯಾಯಾಧೀಶ ನಾರ್ಮನ್ ಮ್ಯಾಕ್ಲಿಯಾಡ್ ಅಧ್ಯಕ್ಷತೆಯ ಸಮಿತಿ ವಿಚಾರಣೆ ನಡೆಸಿ, ಕಾರ್ಮಿಕರಿಗೆ ಬೋನಸ್ ಕೇಳುವ ಹಕ್ಕಿಲ್ಲ ಎಂದಿತು. ಅಲ್ಲಿಂದ 1950ರ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿಯ ಸೂತ್ರಕ್ಕೆ, ಅಲ್ಲಿಂದ 1965ರ ಬೋನಸ್ ಕಾಯ್ದೆಗೆ ಬರಲು ನಾಲ್ಕು ದಶಕ ಬೇಕಾಯಿತು. ತುರ್ತುಪರಿಸ್ಥಿತಿಯಲ್ಲಿ ಕನಿಷ್ಠ ಬೋನಸ್ ಶೇ 8.33ರಿಂದ 4ಕ್ಕೆ ಇಳಿಯಿತು, 1977ರಲ್ಲಿ ಮತ್ತೆ ಬಂತು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದೆ ನಿಂತು ನಡೆಸಿದ 1974ರ ಮೇ ತಿಂಗಳ ರೈಲ್ವೆ ಮುಷ್ಕರದ ಬೇಡಿಕೆಗಳಲ್ಲಿ ಬೋನಸ್ಸೂ ಒಂದು. ಇಂದು ಮೈಸೂರಿನ ಅಶೋಕಪುರಂ ವರ್ಕ್‌ಶಾಪಿನವರು ದಸರೆಗೆ ಪಡೆಯುವ 78 ದಿನಗಳ ಬೋನಸ್‌ನ ಬೇರು ಅಲ್ಲಿದೆ. 78 ದಿನ ಎಂದು ಕೇಳಿದರೆ ದೊಡ್ಡದಾಗಿ ಕಾಣುತ್ತದೆ. ಅಲ್ಲಿಯೂ ತಿಂಗಳಿಗೆ 7,000 ಎಂಬ ಗೂಟವಿರುವುದರಿಂದ ಕೈಗೆ ಬರುವುದು ಹೆಚ್ಚೆಂದರೆ ₹17,951.

ತಡವಾಗಿ ಬಂದ ಕೂಲಿ ಎಂದು ಹೋರಾಡಿ ಪಡೆದ ಹಣ ಇದು. ಕಾಯ್ದೆಯೊಳಗೆ ಹೋಗಿ ನೋಡಿದರೆ ಆದಾಯ ತೆರಿಗೆ ಅಲ್ಲಿ ಮೊದಲೇ ಕುಳಿತಿರುತ್ತದೆ. ಶೇ 8.33ಕ್ಕಿಂತ ಹೆಚ್ಚು ಬೋನಸ್ ಕೇಳಬೇಕಾದರೆ ಕಂಪನಿಯ ‘ಲಭ್ಯ ಮಿಗುತೆ’ ಎಷ್ಟೆಂದು ಲೆಕ್ಕ ಹಾಕಬೇಕು. ಒಟ್ಟು ಲಾಭದಿಂದ ಸವಕಳಿ, ಕಂಪನಿ ಕಟ್ಟುವ ನೇರ ತೆರಿಗೆ, ಬಂಡವಾಳದ ಮೇಲಿನ ಪ್ರತಿಫಲ ಎಲ್ಲ ಕಳೆದು, ಉಳಿದದ್ದರಲ್ಲಿ ಬಹುತೇಕ ಶೇ 60 ಅಥವಾ 67 ಕಾರ್ಮಿಕರಿಗೆ ಹಂಚಲು ಸಿಗುತ್ತದೆ. ಅಂದರೆ ಸರ್ಕಾರ ತನ್ನ ಪಾಲು ತೆಗೆದುಕೊಂಡ ಮೇಲೆಯೇ ಕಾರ್ಮಿಕರ ಪಾಲಿನ ಲೆಕ್ಕ ಶುರುವಾಗುವುದು. ಕೊಟ್ಟ ಬೋನಸ್ಸನ್ನು ಕಂಪನಿ ಖರ್ಚಿಗೆ ಬರೆದು ತನ್ನ ತೆರಿಗೆ ಇಳಿಸಿಕೊಳ್ಳಬಹುದು. ಆದರೆ ರಿಟರ್ನ್ ಸಲ್ಲಿಸುವ ಗಡುವಿನೊಳಗೆ ನಿಜವಾಗಿ ಪಾವತಿಸಿರಬೇಕು. ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂಬ ಬೋನಸ್ ಕಾನೂನಿನ ಗಡುವೂ ನವೆಂಬರ್‌ಗೇ ಬೀಳುತ್ತದೆ. ಬೋನಸ್ ಹಬ್ಬದ ಹೊತ್ತಿಗೇ ಬರುವುದಕ್ಕೆ ಚಾಮುಂಡೇಶ್ವರಿಯ ಕೃಪೆಯ ಜೊತೆಗೆ ಲೆಕ್ಕ ಪರಿಶೋಧಕರ ಕ್ಯಾಲೆಂಡರೂ ಕಾರಣ.

ಹಾಗಾದರೆ ಹಿನಕಲ್‌ನ ಕಾರ್ಮಿಕರ ಬೋನಸ್‌ಗೆ ತೆರಿಗೆಯೇ ಇಲ್ಲವೇ? ವರ್ಷಕ್ಕೆ ಮೂರು ಲಕ್ಷ ಗಳಿಸುವವರಿಗೆ ಆದಾಯ ತೆರಿಗೆ ಇಲ್ಲ. ಪಿಎಫ್ ಕೂಡ ಬೋನಸ್ ಮೇಲೆ ಮುರಿಯುವುದಿಲ್ಲ. ಇದು ಲಾಭ ಎಂದು ಸಂತೋಷಪಡುವವರು ಯೋಚಿಸಬೇಕು, ಏಕೆಂದರೆ ಕಂಪನಿಯ ಪಾಲಿನ ಪಿಎಫ್ಫೂ ಬರುವುದಿಲ್ಲ, ಗ್ರಾಚ್ಯುಟಿ ಲೆಕ್ಕಕ್ಕೂ ಬೋನಸ್ ಸೇರುವುದಿಲ್ಲ. ತೆರಿಗೆ ಹಾಕುವಾಗ ಸಂಬಳವಾಗುವ ಹಣ, ನಿವೃತ್ತಿಯ ಲೆಕ್ಕ ಮಾಡುವಾಗ ಸಂಬಳವಾಗುವುದಿಲ್ಲ.

ಅವರು ತೆರಿಗೆ ಕಟ್ಟುವುದು ಅಂಗಡಿಯಲ್ಲಿ. ಹದಿನಾಲ್ಕು ಸಾವಿರ ಬೋನಸ್ ಹಿಡಿದು ಹುಣಸೂರು ರಸ್ತೆಯ ಶೋರೂಮಿಗೆ ಹೋಗಿ ಅಷ್ಟೇ ಬೆಲೆಯ ಟಿವಿ ತಂದರೆ, ಅದರೊಳಗೆ ಶೇ 18ರ ಜಿಎಸ್‌ಟಿ ₹2,136 ಇರುತ್ತದೆ. ಬೋನಸ್‌ನ ಶೇ 15ಕ್ಕೂ ಹೆಚ್ಚು. ಹದಿನೆಂಟು ಲಕ್ಷ ಸಂಬಳದವರ ಬೋನಸ್ ಮೇಲೆ ಬಿದ್ದ ಆದಾಯ ತೆರಿಗೆ ಸೆಸ್ ಸೇರಿ ಶೇ 20.8. ಅವರೂ ಟಿವಿ ಕೊಂಡರೆ ಜಿಎಸ್‌ಟಿ ಕಟ್ಟುತ್ತಾರೆ, ನಿಜ. ಆದರೆ ಅವರ ಬೋನಸ್‌ನಲ್ಲಿ ಒಂದು ಪಾಲು ಮ್ಯೂಚುವಲ್ ಫಂಡಿಗೋ ಗೃಹಸಾಲಕ್ಕೋ ಹೋಗುತ್ತದೆ. ಕಾರ್ಮಿಕರ ಬೋನಸ್ ಬಟ್ಟೆ, ಪಾತ್ರೆ, ಮಕ್ಕಳ ಶೂ, ಊರಿಗೆ ಹೋಗುವ ಬಸ್ಸು ಎಂದು ಹದಿನೈದು ದಿನದಲ್ಲಿ ಖಾಲಿ. 2025ರ ದಸರೆಯ ಮೊದಲ ದಿನ, ಸೆಪ್ಟೆಂಬರ್ 22ರಂದು, ಜಿಎಸ್‌ಟಿ ದರ ಇಳಿದು ದೊಡ್ಡ ಟಿವಿಗಳೂ ಸಣ್ಣ ಬೈಕ್‌ಗಳೂ ಶೇ 28ರಿಂದ 18ಕ್ಕೆ ಬಂದವು. ಬೋನಸ್‌ಗೆ ಆದಾಯ ತೆರಿಗೆ ವಿನಾಯಿತಿ ಕೊಟ್ಟಿದ್ದರೆ ಕಾರ್ಮಿಕರಿಗೆ ಏನೂ ಸಿಗುತ್ತಿರಲಿಲ್ಲ, ಈ ಇಳಿಕೆಯಿಂದ ಅಷ್ಟಿಷ್ಟಾದರೂ ಸಿಕ್ಕಿತು.

ಇನ್ನು ಗುತ್ತಿಗೆಯವರು. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲೋಡಿಂಗ್ ಕೆಲಸಕ್ಕೆ ಏಜೆನ್ಸಿ ಮೂಲಕ ಬರುವವರಲ್ಲಿ ಅನೇಕರ ಪೇ ಸ್ಲಿಪ್ ನೋಡಿದರೆ ಬೇಸಿಕ್, ಡಿಎ ಕೆಳಗೆ ‘ಬೋನಸ್’ ಎಂದು ಪ್ರತಿ ತಿಂಗಳೂ ಸಾವಿರ ಸಾವಿರದ ಇನ್ನೂರರ ಒಂದು ಸಾಲು ಇರುತ್ತದೆ. ಶೇ 8.33 ಅನ್ನು ಹನ್ನೆರಡು ತುಂಡು ಮಾಡಿ ಸಂಬಳದೊಳಗೆ ಬೆರೆಸಿರುತ್ತಾರೆ. ಕೆಲಸಕ್ಕೆ ಸೇರುವಾಗ ಹೇಳಿದ ‘ಹದಿನಾರು ಸಾವಿರ’ದಲ್ಲಿ ಅದೂ ಸೇರಿರುತ್ತದೆ. ಹಬ್ಬಕ್ಕೆ ಕೇಳಿದರೆ “ನಿಮಗೆ ತಿಂಗಳು ತಿಂಗಳು ಕೊಟ್ಟಾಯ್ತಲ್ಲಪ್ಪ” ಎಂಬ ಉತ್ತರ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಅದೇ ಗೇಟಿನೊಳಗೆ ಕಾಯಂ ನೌಕರರು ಬೋನಸ್ ಜೊತೆ ಸ್ಟೀಲ್ ಡಬ್ಬಿ, ಮೈಸೂರು ಪಾಕು ಹಿಡಿದು ಹೊರಬರುವಾಗ ಅವರ ಬ್ಯಾಗು ತಪಾಸಣೆ ಮಾಡುವವರು ಈ ಗಾರ್ಡುಗಳೇ.

ಡಬ್ಬಿಯ ಮಾತು ಬಂದದ್ದರಿಂದ ಉಡುಗೊರೆಯ ನಿಯಮವನ್ನೂ ಹೇಳಬೇಕು. 2025-26ರಲ್ಲಿ ಕಂಪನಿ ವಸ್ತುವಾಗಿ ಕೊಟ್ಟದ್ದು ವರ್ಷಕ್ಕೆ ಒಟ್ಟು ₹5,000ದ ಒಳಗಿದ್ದರೆ ತೆರಿಗೆ ಇರಲಿಲ್ಲ. ನಗದಾಗಿ ಕೊಟ್ಟರೆ ಮೊದಲ ರೂಪಾಯಿಯಿಂದಲೇ ಇತ್ತು. ಈ ಐದು ಸಾವಿರ 2001ರ ನಿಯಮಗಳಲ್ಲಿದ್ದ ಅಂಕಿ. ಆಗ ಆ ಹಣಕ್ಕೆ ಹತ್ತು ಗ್ರಾಂ ಚಿನ್ನ ಬಂದು ಚಿಲ್ಲರೆ ಉಳಿಯುತ್ತಿತ್ತು. 2025ರ ದೀಪಾವಳಿಯಲ್ಲಿ ಅರ್ಧ ಗ್ರಾಮೂ ಬರುತ್ತಿರಲಿಲ್ಲ. ಹಬ್ಬದ ಹೆಸರಿನಲ್ಲಿ ಏನಾದರೂ ತೆರಿಗೆ ರಿಯಾಯಿತಿ ಕೊಡಲೇಬೇಕು ಎಂದಾದರೆ ನಾನು ಕೇಳುವುದು ಇಂಥ ಮಿತಿ ಹಾಕಿದ ರಿಯಾಯಿತಿಯನ್ನು: ಇಷ್ಟು ಸಾವಿರದವರೆಗೆ, ನಗದಾದರೂ ಸರಿ, ವಸ್ತುವಾದರೂ ಸರಿ. ಅದರಿಂದ ಖಜಾನೆಗೆ ದೊಡ್ಡ ನಷ್ಟವಿಲ್ಲ, ಎಚ್‌ಆರ್‌ನವರ ಕೈಚಳಕಕ್ಕೆ ಜಾಗವೂ ಇಲ್ಲ.

ಆದರೆ ಮುಖ್ಯ ಬೇಡಿಕೆ ಅದಲ್ಲ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದು 1965ರ ಬೋನಸ್ ಕಾಯ್ದೆ ಅದರೊಳಗೆ ಕರಗಿದೆ. 8.33, 20 ಎಂಬ ಅಂಕಿಗಳು ಹಾಗೇ ಉಳಿದಿವೆ. 21,000, 7,000 ಮಾತ್ರ ಸಂಹಿತೆಯಲ್ಲಿ ಬರೆದಿಲ್ಲ. ಯಾರಿಗೆ ಬೋನಸ್ ಹಕ್ಕು, ಎಷ್ಟರ ಮೇಲೆ ಲೆಕ್ಕ ಎಂಬುದನ್ನು ಸಂಬಂಧಪಟ್ಟ ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕು. ಹೆಬ್ಬಾಳ ಹೂಟಗಳ್ಳಿಯ ಖಾಸಗಿ ಕಾರ್ಖಾನೆಗಳಿಗೆ ಆ ಸರ್ಕಾರ ಅಂದರೆ ಕರ್ನಾಟಕ ಸರ್ಕಾರ. ಇಷ್ಟು ವರ್ಷ ದೆಹಲಿಯಲ್ಲಿ ತಿದ್ದುಪಡಿಗೆ ಕಾಯಬೇಕಿದ್ದದ್ದು ಈಗ ವಿಧಾನಸೌಧದಲ್ಲೇ ಆಗಬಹುದಾದ ಕೆಲಸ. ತಡಮಾಡಿದರೆ ಅಪಾಯವೂ ಇದೆ. ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಇದುವರೆಗೆ ಕಾಗದದ ಮೇಲೆ ಇಪ್ಪತ್ತು ಸಾವಿರದಲ್ಲಿದ್ದ ಎಷ್ಟೋ ಮಂದಿಯ ‘ವೇತನ’ ಒಂದು ರೂಪಾಯಿ ಹೆಚ್ಚಿಗೆ ಸಿಗದೆಯೂ ಇಪ್ಪತ್ತೊಂದು ಸಾವಿರ ದಾಟುತ್ತದೆ. ಹಳೆಯ ಗೆರೆಯನ್ನೇ ಅಧಿಸೂಚನೆಯಲ್ಲಿ ನಕಲು ಮಾಡಿದರೆ ಅವರ ಬೋನಸ್ ಹಕ್ಕು ಹೋಗುತ್ತದೆ.

ಕಾರ್ಮಿಕ ಸಂಘಗಳು ಇಲ್ಲಿ ಎರಡು ಅಂಕಿಗಳನ್ನು ಹಿಡಿದು ಕೂರಬೇಕು. ಹಕ್ಕಿನ ಮಿತಿ ಎಷ್ಟು, ಲೆಕ್ಕದ ಮಿತಿ ಎಷ್ಟು. ಎರಡನೆಯದನ್ನು ಹಳೆಯ ಹಕ್ಕಿನ ಮಿತಿಯಾದ ₹21,000ಕ್ಕೆ ತಂದರೂ ಸಾಕು, ಅಷ್ಟು ವೇತನ ಇರುವವರ ಕನಿಷ್ಠ ಬೋನಸ್ ಹದಿನಾಲ್ಕು ಸಾವಿರದಿಂದ ₹20,992ಕ್ಕೆ ಏರುತ್ತದೆ. ಆ ಹೆಚ್ಚುವರಿ ಏಳು ಸಾವಿರದ ಮೇಲೆ ಆದಾಯ ತೆರಿಗೆ ಇಂದಿನ ನಿಯಮದಲ್ಲೇ ಸೊನ್ನೆ.